ತೂಕದವನ ಮಗ

ಕೋಲಾರದ ಮಂಡಿಯಲ್ಲಿ ನಾನು ತೂಕದವನು.
ಟೊಮೆಟೊ ಬಾಕ್ಸು ಕಾಟಾದ ಮೇಲೆ ಕೂತ ಕ್ಷಣ
ಮುಳ್ಳು ನೋಡಬೇಕಿಲ್ಲ, ಹಲಗೆ ಕಿರುಗುಟ್ಟುವ ದನಿಯಲ್ಲೇ ಗೊತ್ತು:
ಹದಿನೈದು. ಹದಿನೈದೂವರೆ.
ಇದು ಹದಿನಾಲ್ಕು, ಅಡಿಯಲ್ಲಿ ಹುಲ್ಲು ತುಂಬಿದ್ದಾರೆ.
ಇಪ್ಪತ್ತೆರಡು ವರ್ಷ ಕೂಗಿ ಕೂಗಿ
ಗಂಟಲು ಒಡೆದಿದೆ, ಲೆಕ್ಕ ತಪ್ಪಿಲ್ಲ.

ಮನೆಯಲ್ಲಿ ತಪ್ಪಿತು.

ಶಾಲೆಗೆ ಬಂದ ಡಾಕ್ಟರಮ್ಮ ಚೀಟಿ ಕಳಿಸಿದ್ದರು:
ಜಶ್ವಂತ, ಒಂಬತ್ತು ವರ್ಷ, ಐವತ್ತೊಂದು ಕೇಜಿ.
ಮೂರು ಬಾಕ್ಸು, ಮೇಲೆ ಆರು ಕೇಜಿ.
ಓದಿ ನಗು ಬಂತು ನನಗೆ; ಸುಳ್ಳೇಕೆ, ಹೆಮ್ಮೆಯೂ.
ತೂಕ ಬಂದ ಮಾಲಿಗೇ ಅಲ್ಲವೇ ಬೆಲೆ?
ನಮ್ಮವ್ವನಂತೂ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು,
"ಗುಂಡುಗುಂಡಗವ್ನೆ, ಯಾರ ಕಣ್ಣೂ ಬೀಳದಿರ್ಲಿ."
ಒಂದು ಮುದ್ದೆ ಮುರಿದು ಅರ್ಧ ನನಗೆ, ಅರ್ಧ ತಮ್ಮನಿಗೆ ಇಟ್ಟು
ತಾನು ಬರೀ ಸಾರು ಕುಡಿದು ಮಲಗಿದವಳು.
ಆ ಕಾಲದ ಕಾಟಾ ಇನ್ನೂ ಅವಳ ಕಣ್ಣಲ್ಲಿದೆ.

ಕತ್ತಿನ ಹಿಂದೆ ಕಪ್ಪು ಪಟ್ಟಿ ಮೂಡಿ ವರ್ಷವಾಗಿತ್ತು.
ಕೊಳೆ ಅಂದುಕೊಂಡಳು ಸುಗುಣ.
ಭಾನುವಾರ ಭಾನುವಾರ ಹೀರೇಕಾಯಿ ನಾರು, ಕಡಲೆಹಿಟ್ಟು, ನಿಂಬೆಹೋಳು.
"ಉಜ್ಜಬೇಡಮ್ಮ, ಉರೀತದೆ" ಅಂತ ಬಚ್ಚಲಲ್ಲಿ ಅವನು.
"ಗಲೀಜು ಅಂತಾರೆ ಜನ, ಸುಮ್ನಿರು" ಅಂತ ಇವಳು.

ಡಾಕ್ಟರಮ್ಮ ಕಾಲರ್ ಮಡಿಸಿ, ಬೆರಳಿಟ್ಟು ನೋಡಿ
ದನಿ ಏರಿಸದೆ ಹೇಳಿದರು: ಇದು ಕೊಳೆಯಲ್ಲ.
ಒಳಗಿಂದ ಬಂದದ್ದು, ನೀರಿಗೆ ಹೋಗೋದಿಲ್ಲ.
ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ,
ಲಿವರಿನಲ್ಲಿ ಕೊಬ್ಬು ಕೂತಿದೆ, ಮೊಣಕಾಲು ಈಗಲೇ ನೋಯುತ್ತೆ ಅಂತಾನೆ.
ರಾತ್ರಿ ಗೊರಕೆ ಹೊಡೀತಾನಾ? ನಡುವೆ ಉಸಿರು ನಿಲ್ಲುತ್ತಾ?

ಹೇಗೆ ಹೇಳಲಿ. ರಾತ್ರಿ ನಾನು ಮನೆಯಲ್ಲಿರೋದಿಲ್ಲ.
ಸುಗುಣ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ನಾಲ್ಕಕ್ಕೆ ಶಾಲೆ ಬಿಟ್ಟು ಅವನು ಬರುವ ಗಲ್ಲಿಯಲ್ಲೇ
ನಾನು ಮಂಡಿಗೆ ಹೊರಡೋದು.
ಬೀಗದ ಕೈ ಕೈಯಿಂದ ಕೈಗೆ, ಜೊತೆಗೊಂದು ಇಪ್ಪತ್ತರ ನೋಟು.
ನರಸಾಪುರದಿಂದ ಇವಳ ಫ್ಯಾಕ್ಟರಿ ಬಸ್ಸು ಬರೋದು ಎಂಟಕ್ಕೆ.
ಅಲ್ಲಿಯವರೆಗೆ ಫೋನೇ ಅವನಿಗೆ ಬೀದಿ, ಪೊಟ್ಟಣವೇ ಜನ.
ಹಸಿದು ತಿಂದನೋ, ಒಬ್ಬನೇ ಇದ್ದು ತಿಂದನೋ,
ಅದನ್ನು ತೂಗುವ ಕಾಟಾ ನನ್ನ ಬಳಿ ಇಲ್ಲ.
ನಾವು ಚಿನ್ನಿದಾಂಡು ಆಡಿದ ಬಯಲಲ್ಲಿ ಕಲ್ಲು ನೆಟ್ಟಿದ್ದಾರೆ,
ಮೂವತ್ತು ನಲವತ್ತರ ಸೈಟು.
ಪೀಟಿ ಪೀರಿಯಡ್ಡು ಗಣಿತದ ಮೇಡಂ ತಗೊಂಡರು.
ಓಡಿದರೂ "ಲೋಡು ಲಾರಿ ಬಂತು" ಅಂತ ಕೂಗುವ ಹುಡುಗರು.

ಅವರಿವರ ಮಾತೇಕೆ. ನಾನೂ ಬೆಳಗ್ಗೆ ಬರಿಗೈಯಲ್ಲಿ ಬಂದವನಲ್ಲ.
ಟೀ ಅಂಗಡಿಯಲ್ಲಿ ನೇತಾಡುವ ಸರದಿಂದ ಕಿತ್ತ ಒಂದು ಚಿಪ್ಸು;
ಅಂಗಿ ಜೇಬಿನಲ್ಲಿ ಅದು ಚರಪರ ಅಂದರೆ ಸಾಕು
ನಿದ್ದೆಯಿಂದ ಎದ್ದು ಕೂರುತ್ತಿದ್ದ.
ಅಪ್ಪ ಬಂದ ಅನ್ನೋದಕ್ಕೆ
ನಮ್ಮ ಮನೆಯಲ್ಲಿದ್ದ ಸದ್ದು ಅದೊಂದೇ.

ಇವತ್ತು ಜೇಬು ಸದ್ದು ಮಾಡಲಿಲ್ಲ.
ಆದರೂ ಎದ್ದ. ಕೈ ಹಾಕಿದ. ಸಿಕ್ಕಿದ್ದು ತೂಕದ ಚೀಟಿ.
ಓದಿದ: ಹದಿನೈದು, ಹದಿನೈದು, ಹದಿನಾಲ್ಕೂವರೆ.
ಆಮೇಲೆ ಕೇಳಿದ,
"ಅಪ್ಪ, ಮಾಲು ಜಾಸ್ತಿ ಆದ್ರೆ ರಸ್ತೆಗೆ ಸುರೀತಾರಲ್ಲ,
ನಾನೂ ಜಾಸ್ತಿ ಆಗಿದೀನಾ?"

ಸಾವಿರ ಜನರ ನಡುವೆ ಕೇಳುವ ನನ್ನ ಗಂಟಲು
ಆ ಪುಟ್ಟ ಕೋಣೆಯಲ್ಲಿ ಏಳಲಿಲ್ಲ.
ಎತ್ತಿಕೊಳ್ಳಲು ಹೋದೆ, ಸೊಂಟ ಹಿಡಿಯಿತು,
ಇಬ್ಬರೂ ನೆಲಕ್ಕೆ ಕೂತೆವು, ಅವನು ನಕ್ಕ.
ಕತ್ತಿನ ಕಪ್ಪಿನ ಮೇಲೆ ಕೈಯಿಟ್ಟೆ. ಉಜ್ಜಲಿಲ್ಲ.

ಶಾಲೆಗೆ ನಡೆದೇ ಹೋಗೋಣ್ವಾ ಅಂದೆ.
ಎಷ್ಟು ದೂರ ಅಂದ.
ದೂರದ ಲೆಕ್ಕ ನನಗೆ ಬರಲ್ಲ ಅಂದೆ.